ಗೇರುಸೊಪ್ಪೆಯ ಅರಸಿ ಮತ್ತು ಒಂದು ಅಪವಾದ

ಇಂಡಿ, ಸಿಂದಗಿಗಳ ಬಿಳಿಜೋಳದ ಬಯಲಿನಲ್ಲಿ ಬೆಳೆದ ನಮಗೆ ಗೇರುಸೊಪ್ಪೆ ದೂರದ ನಾಡು. ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯ ಗುಂಟ ಘಟ್ಟದ ಬುಡದತ್ತ ಸಾಗಿದರೆ ನಗರಬಸ್ತಿಕೇರಿ ದೊರೆಯುತ್ತದೆ. ಹೆಸರಿನಲ್ಲಿ ನಗರವುಂಟು, ಬಸ್ತಿಯುಂಟು. ಕಣ್ಣಿಗೆ ಬೀಳುವುದು ಕಾಡು. ಆ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿನ ಯಾವ ಬಾಗಿಲಿನಿಂದ ಒಳಹೊಕ್ಕರೂ ಪದ್ಮಾಸನಸ್ಥ ಜಿನಬಿಂಬವೊಂದು ಎದುರಾಗುತ್ತದೆ.

ಇದು ಕಾಳುಮೆಣಸಿನ ವ್ಯಾಪಾರದಿಂದ ಬೆಳೆದ ರಾಜಧಾನಿ. ವಾದಿ ವಿದ್ಯಾನಂದರಂಥ ವಿದ್ವಾಂಸರಿಗೂ ಭಾರತವನ್ನು ಜೈನಪರಂಪರೆಯಂತೆ ಹೇಳಿದ ಸಾಳ್ವಕವಿಗೂ ಈ ನಾಡಿನ ನಂಟಿದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದವಳು ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. 1569ರಲ್ಲಿ ಅವಳ ಬಾಗಿಲಿನಂತಿದ್ದ ಹೊನ್ನಾವರವನ್ನೂ ಹಿಡಿದರು. ಮರುವರ್ಷವೇ ನಮ್ಮ ವಿಜಾಪುರದ ಅಲಿ ಆದಿಲಶಾಹನು ಗೋವೆಗೆ ಮುತ್ತಿಗೆ ಹಾಕಿದ್ದನ್ನು ನೆನೆದರೆ, ಆ ಕರಾವಳಿ ನಮಗೆ ಅಷ್ಟೇನೂ ದೂರವಿರಲಿಲ್ಲವೆನ್ನಿಸುತ್ತದೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಇಲ್ಲಿಗೆ ಬಂದಾಗ ಅರಮನೆ ಪಾಳುಬಿದ್ದು ಗಿಡಮರಗಳು ಬೆಳೆದಿದ್ದವು. ಕಾರಣವನ್ನೂ ಅವನು ಬರೆದಿಟ್ಟ: ರಾಣಿ ಒಬ್ಬ ಪರದೇಶಿಗೆ ಮನಸೋತು ರಾಜ್ಯವನ್ನೇ ಅವನ ಕೈಗಿತ್ತಳು; ಅವನು ದ್ರೋಹ ಬಗೆದು ಕೆಳದಿಯ ವೆಂಕಟಪ್ಪ ನಾಯಕನನ್ನು ಕರೆತಂದ.

ಈ ಕಥೆಯನ್ನು ಮೊದಲು ಓದಿದಾಗ ನಾನು ನಂಬಿಬಿಟ್ಟೆ. ಪಾಠಶಾಲೆಯ ಮಕ್ಕಳಿಗೆ ಇಂದ್ರಿಯನಿಗ್ರಹದ ದೃಷ್ಟಾಂತವಾಗಿ ಹೇಳಿಯೂ ಬಿಟ್ಟೆ. ಮುಂದೆ ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಓದುತ್ತಿರುವಾಗ ಸತ್ಯಾಣುವ್ರತದ ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’ವೆಂಬ ಮಾತು ತಡೆದು ನಿಲ್ಲಿಸಿತು. ಸ್ತ್ರೀಪುರುಷರ ಏಕಾಂತದ ಸಂಗತಿಯನ್ನು ಹೊರಗೆ ಸಾರುವುದು ಅದರ ಅರ್ಥ. ಸಂಗತಿ ನಿಜವಿದ್ದರೂ ಅದು ದೋಷವೇ. ಇಲ್ಲಿಯಾದರೋ ನಿಜವೆಂಬುದಕ್ಕೆ ಆಧಾರವೆಲ್ಲಿ? ಪ್ರವಾಸಿಯು ಬಂದದ್ದು ಆ ಘಟನೆಯ ಎಷ್ಟೋ ವರ್ಷಗಳ ತರುವಾಯ, ವೆಂಕಟಪ್ಪನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿ. ಜೊತೆಯಲ್ಲಿ ಕೆಳದಿಯ ಕಡೆಯವರೂ ಇದ್ದರು. ಗೆದ್ದವರ ಮತ್ತು ಅವಳೊಡನೆ ಹಗೆ ಸಾಧಿಸಿದ್ದವರ ನಡುವೆ ಕೇಳಿದ ಮಾತದು. ಸೋತ ಹೆಣ್ಣಿನ ಪರವಾಗಿ ನುಡಿಯಲು ಆ ದಾರಿಯಲ್ಲಿ ಯಾರಿದ್ದರು?

ಹಾಗೆಂದು ಅವನನ್ನು ಸುಳ್ಳುಗಾರನೆನ್ನಲಾರೆ. ಅವಳು ಪೋರ್ಚುಗೀಸರ ನೆರವು ಬೇಡಿದಳೆಂದೂ ಅವರು ನೀಡಲಿಲ್ಲವೆಂದೂ ಅವನೇ ಬರೆದಿದ್ದಾನೆ. ಸೆರೆಯಲ್ಲಿಯೂ ಗೌರವದಿಂದಲೇ ಬಾಳಿ ತೀರಿಕೊಂಡಳೆಂದೂ ಹೇಳಿದ್ದಾನೆ. ಇವೂ ಕೇಳಿದ ಮಾತುಗಳೇ. ಆದರೆ ನಾನು ಮಕ್ಕಳಿಗೆ ಹೇಳುವಾಗ ಬಿಟ್ಟದ್ದು ಇವನ್ನೇ.

ಮುಂದಿನ ಪರ್ವದಲ್ಲಿ ಆ ಮಕ್ಕಳನ್ನು ಮತ್ತೆ ಕೂಡಿಸಿ ತಪ್ಪೊಪ್ಪಿಕೊಂಡೆ. ಒಬ್ಬ ಹುಡುಗಿ ಕೇಳಿದಳು: ‘ಹಂಗಾದ್ರ ಆಕಿ ಊರು ಯಾಕ ಹಾಳಾತ್ರಿ?’ ಅಂದು ಮೆಣಸಿನ ದಾರಿ, ಬಂದರು, ದಂಡು ಇವುಗಳ ಕಥೆಯನ್ನು ಮೊದಲಿನಿಂದ ಹೇಳಿದೆ.