ಪವಿತ್ರ ನಾಡಿನ ಶಾಂತಿಗೆ ಅಡ್ಡಿಯಾದ ಮನಸ್ಸಿನ ಗೋಡೆಗಳು

ಯೇಸುಸ್ವಾಮಿ ಹುಟ್ಟಿ ಬೆಳೆದ ನಾಡಿನಲ್ಲಿ ಶಾಂತಿ ನೆಲೆಸಲೆಂದು ನಾವು ಬಲಿಪೂಜೆಯಲ್ಲಿ ಮತ್ತೆ ಮತ್ತೆ ಬೇಡುತ್ತೇವೆ. ಕರಾವಳಿಯ ನಮಗೆ ಅದು ದೂರದ ನಾಡೂ ಅಲ್ಲ. ನಮ್ಮವರಲ್ಲಿ ಅನೇಕರು ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುತ್ತಾ ದುಡಿಯುತ್ತಿದ್ದಾರೆ. ಯಾತ್ರೆಗೆ ಹೋಗಿ ಬೆತ್ಲೆಹೇಮಿನ ಗೋಡೆಯನ್ನು ಕಣ್ಣಾರೆ ಕಂಡವರೂ ಇದ್ದಾರೆ. ಆದರೂ ಅಲ್ಲಿ ಶಾಂತಿ ಏಕೆ ಇಷ್ಟು ಕಷ್ಟ ಎಂದು ಕೇಳಿದರೆ, ಯಾವುದಾದರೂ ಒಂದು ಕಡೆಯವರತ್ತ ಬೆರಳು ತೋರಿಸಿ ಸುಮ್ಮನಾಗುತ್ತೇವೆ.

ಭೂಮಿ, ಗಡಿ, ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು, ಭದ್ರತೆ ಇವೆಲ್ಲ ನಿಜವಾದ ವಿವಾದಗಳೇ. ಆದರೆ ಇವುಗಳ ಜೊತೆಗೆ ಮನಸ್ಸಿನೊಳಗಿನ ಅಡ್ಡಿಗಳೂ ಇವೆ. 1977ರ ನವೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಇಸ್ರೇಲಿನ ಸಂಸತ್ತಿನಲ್ಲಿ ನಿಂತು, ಇಡೀ ಸಮಸ್ಯೆಯಲ್ಲಿ ಶೇಕಡಾ 70ರಷ್ಟು ಇರುವುದು ಮನಸ್ಸಿನ ಗೋಡೆಯೇ ಎಂದು ಹೇಳಿದ್ದರು. ಒಂದೂವರೆ ವರ್ಷದೊಳಗೆ, 1979ರ ಮಾರ್ಚಿನಲ್ಲಿ, ಆ ಎರಡು ದೇಶಗಳ ನಡುವೆ ಶಾಂತಿ ಒಪ್ಪಂದವಾಯಿತು. ಇಸ್ರೇಲಿಗರ ಮತ್ತು ಪ್ಯಾಲೆಸ್ತೀನಿಯರ ನಡುವೆ ಮಾತ್ರ ಆ ಗೋಡೆ ಇನ್ನೂ ನಿಂತಿದೆ.

ಒಂದೇ ವರ್ಷ, ಎರಡು ನೆನಪು

ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಅದಾಗಿ ಮೂರೇ ವರ್ಷಗಳಲ್ಲಿ, 1948ರಲ್ಲಿ, ಇಸ್ರೇಲ್ ಉದಯಿಸಿತು. ಯೆಹೂದ್ಯರಿಗೆ ಅದು ಕೊನೆಗೂ ಸಿಕ್ಕ ಆಸರೆ. ಅದೇ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಅವರು ಅದನ್ನು 'ನಕ್ಬಾ', ಅಂದರೆ ಮಹಾವಿಪತ್ತು ಎನ್ನುತ್ತಾರೆ. ಎರಡೂ ಗಾಯಗಳು ನಿಜ. ಆದರೆ ಇನ್ನೊಬ್ಬರ ಗಾಯವನ್ನು ಒಪ್ಪಿಕೊಂಡರೆ ತಮ್ಮ ಗಾಯ ಚಿಕ್ಕದಾಗುತ್ತದೆ ಎಂಬ ಅಂಜಿಕೆ ಎರಡೂ ಕಡೆ ಇದೆ. ಹಾಗಾಗಿ ಹೆಚ್ಚು ನೊಂದವರು ಯಾರು ಎಂಬುದೇ ಒಂದು ಪೈಪೋಟಿಯಾಗಿದೆ.

ಭಯ ಮತ್ತು ಅಪರಿಚಿತತನ

1993ರ ಓಸ್ಲೋ ಒಪ್ಪಂದ ದೊಡ್ಡ ಆಸೆ ಹುಟ್ಟಿಸಿತ್ತು. 1994ರಲ್ಲಿ ಹೆಬ್ರೋನಿನ ಮಸೀದಿಯಲ್ಲಿ ಪ್ರಾರ್ಥಿಸುತ್ತಿದ್ದ 29 ಮಂದಿಯನ್ನು ಒಬ್ಬ ಯೆಹೂದಿ ಉಗ್ರವಾದಿ ಗುಂಡಿಕ್ಕಿ ಕೊಂದ. ಹಮಾಸಿನ ಆತ್ಮಾಹುತಿ ಬಾಂಬರ್‌ಗಳು ಇಸ್ರೇಲಿನ ಬಸ್ಸುಗಳಲ್ಲಿ ಜನರನ್ನು ಕೊಂದರು. 2000ದಲ್ಲಿ ಎರಡನೆಯ ಇಂತಿಫಾದಾ ದಂಗೆ ಶುರುವಾಯಿತು. 2002ರಿಂದ ಇಸ್ರೇಲ್ ಪ್ರತ್ಯೇಕತೆಯ ಗೋಡೆ ಕಟ್ಟತೊಡಗಿತು. ಆಮೇಲೆ ಬೆಳೆದ ಅನೇಕ ಪ್ಯಾಲೆಸ್ತೀನಿ ಮಕ್ಕಳು ಇಸ್ರೇಲಿಗರನ್ನು ಕಂಡದ್ದು ತಪಾಸಣಾ ಕೇಂದ್ರದ ಸೈನಿಕರಾಗಿ ಮಾತ್ರ. ಅನೇಕ ಇಸ್ರೇಲಿ ಮಕ್ಕಳು ಪ್ಯಾಲೆಸ್ತೀನಿಯರನ್ನು ಕಂಡದ್ದು ದಾಳಿಯ ಸುದ್ದಿಯಲ್ಲಿ ಮಾತ್ರ.

ಹೇಳಿದ್ದೇನು ಎನ್ನುವುದಕ್ಕಿಂತ ಹೇಳಿದವರಾರು

2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞರು ಯೆಹೂದಿ ಇಸ್ರೇಲಿಗರ ಮುಂದೆ ಇಸ್ರೇಲ್ ಸರಕಾರವೇ ಬರೆದ ಶಾಂತಿ ಪ್ರಸ್ತಾವವನ್ನಿಟ್ಟರು. ಇದು ಪ್ಯಾಲೆಸ್ತೀನಿಯರು ಬರೆದದ್ದು ಎಂದು ತಿಳಿಸಿದಾಗ ಅದೇ ಪ್ರಸ್ತಾವಕ್ಕೆ ಮೆಚ್ಚುಗೆ ಕಡಿಮೆಯಾಯಿತು. ಎದುರಾಳಿ ಕೊಟ್ಟದ್ದರಲ್ಲಿ ಏನೋ ಮೋಸವಿರಬೇಕು ಎಂಬ ಗುಮಾನಿ ಓದುವ ಮೊದಲೇ ತೀರ್ಪು ಕೊಡುತ್ತದೆ. ಇದು ಯಾವುದೋ ಒಂದು ಜನಾಂಗದ ದೋಷವಲ್ಲ, ಮನುಷ್ಯರೆಲ್ಲರ ದೌರ್ಬಲ್ಯ.

ಶಾಂತಿ ಎಂದವನೇ ದ್ರೋಹಿ

ಸಾದತ್ 1981ರಲ್ಲಿ ಕೊಲೆಯಾದರು. ಓಸ್ಲೋ ಒಪ್ಪಂದ ಮಾಡಿಕೊಂಡ ಇಸ್ರೇಲಿ ಪ್ರಧಾನಿ ಇಟ್ಜಾಕ್ ರಾಬಿನ್ 1995ರಲ್ಲಿ ಕೊಲೆಯಾದರು. ಇಬ್ಬರನ್ನೂ ಕೊಂದವರು ಎದುರು ಪಕ್ಷದವರಲ್ಲ, ಸ್ವಂತ ಜನರೇ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಸುಮಾರು 250 ಮಂದಿ ಒತ್ತೆಯಾಳಾದರು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ, ಅವರಲ್ಲಿ ಅಸಂಖ್ಯ ಮಕ್ಕಳು, ಪ್ರಾಣ ಕಳೆದುಕೊಂಡರು. ತಮ್ಮವರ ಸಾವಿಗೆ ಅಳುತ್ತಿರುವಾಗ ಇನ್ನೊಂದು ಕಡೆಯ ಸಾವಿಗೆ ಅಳುವುದು ದ್ರೋಹವೆಂಬ ಭಾವನೆ ಇನ್ನಷ್ಟು ಗಟ್ಟಿಯಾಯಿತು.

ಹಾಗೆಂದು ಮನಸ್ಸು ಬದಲಾದರೆ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಪಶ್ಚಿಮ ದಂಡೆ 1967ರಿಂದ ಇಸ್ರೇಲಿ ಸೇನೆಯ ಆಕ್ರಮಣದಲ್ಲಿದೆ. ವಸಾಹತುಗಳು ಬೆಳೆಯುತ್ತಲೇ ಇವೆ. ನಿರಾಯುಧ ಜನರನ್ನು ಕೊಲ್ಲುವುದು ಯಾರು ಮಾಡಿದರೂ ಪಾಪವೇ. ನ್ಯಾಯವಿಲ್ಲದ ಶಾಂತಿ ನಿಲ್ಲುವುದಿಲ್ಲ. ಆದರೆ ಎದುರಿನವನೂ ಮನುಷ್ಯ ಎಂದು ಒಪ್ಪದವರು ಅವನಿಗೆ ನ್ಯಾಯ ಕೊಡಲಾರರು.

ಗೋಡೆ ದಾಟಿದವರು

2000ದ ಜುಬಿಲಿ ಯಾತ್ರೆಯಲ್ಲಿ ಸಂತ ಎರಡನೇ ಜಾನ್ ಪಾಲ್ ಜಗದ್ಗುರುಗಳು ಪ್ಯಾಲೆಸ್ತೀನಿಯರ ದೆಹೇಶಾ ನಿರಾಶ್ರಿತರ ಶಿಬಿರಕ್ಕೂ ಹೋದರು, ಯೆಹೂದ್ಯರ ನರಮೇಧದ ಸ್ಮಾರಕ ಯಾದ್ ವಾಶೆಮ್‌ಗೂ ಹೋದರು. ಈಜಿಪ್ಟಿನ ಯೆಹೂದಿ ಮನೆತನದಲ್ಲಿ ಹುಟ್ಟಿ ಡೊಮಿನಿಕನ್ ಗುರುಗಳಾದ ವಂದನೀಯ ಬ್ರೂನೋ ಹುಸ್ಸಾರ್, ಲತ್ರೂನ್ ಮಠದ ಜಮೀನಿನಲ್ಲಿ 'ನೆವೆ ಶಾಲೋಮ್ – ವಾಹತ್ ಅಲ್ ಸಲಾಂ' ಎಂಬ ಊರನ್ನು ಕಟ್ಟಿದರು. ಅಲ್ಲಿ ಯೆಹೂದ್ಯರು ಮತ್ತು ಪ್ಯಾಲೆಸ್ತೀನಿಯರು ನೆರೆಹೊರೆಯವರು. ಮಕ್ಕಳು ಹೀಬ್ರೂ, ಅರಬ್ಬಿ ಎರಡನ್ನೂ ಕಲಿಯುತ್ತಾರೆ.

ಇಸ್ರೇಲಿನ ರಾಮಿ ಎಲ್ಹಾನನ್ 1997ರಲ್ಲಿ ಬಾಂಬ್ ದಾಳಿಯಲ್ಲಿ ಮಗಳನ್ನು ಕಳೆದುಕೊಂಡವರು. ಪ್ಯಾಲೆಸ್ತೀನಿನ ಬಸ್ಸಾಮ್ ಅರಾಮಿನ್ ಅವರ 10 ವರ್ಷದ ಮಗಳು 2007ರಲ್ಲಿ ಇಸ್ರೇಲಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಈ ಇಬ್ಬರು ತಂದೆಯರು ಮಕ್ಕಳನ್ನು ಕಳೆದುಕೊಂಡ ಎರಡೂ ಕಡೆಯ ಕುಟುಂಬಗಳ ಒಕ್ಕೂಟದಲ್ಲಿ ಜೊತೆಯಾಗಿ ದುಡಿಯುತ್ತಾರೆ. 2024ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಇವರನ್ನು ಭೇಟಿಯಾಗಿ, ಇವರ ಗೆಳೆತನವನ್ನು ವಿಶ್ವಾಸಿಗಳ ಮುಂದಿಟ್ಟರು.

ನಾವೇನು ಮಾಡಬಹುದು?

ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಎರಡೂ ಜನಾಂಗಗಳನ್ನು ಹೆಸರಿಸಿ ಬೇಡೋಣ. ಗಾಜಾದ ಪವಿತ್ರ ಕುಟುಂಬದ ದೇವಾಲಯವನ್ನು ನೆನೆಯೋಣ. 2025ರ ಜುಲೈಯಲ್ಲಿ ಇಸ್ರೇಲಿ ಶೆಲ್ ಬಿದ್ದು ಅಲ್ಲಿ ಮೂವರು ಸತ್ತರು. ಧರ್ಮೋಪದೇಶದ ತರಗತಿಗಳಲ್ಲಿ ಒಳ್ಳೆಯ ಸಮಾರಿತನ ಕಥೆ ಹೇಳುವಾಗ, ಯೆಹೂದ್ಯರು ಮತ್ತು ಸಮಾರಿಯರು ಪರಸ್ಪರ ಎಷ್ಟು ದ್ವೇಷಿಸುತ್ತಿದ್ದರೆಂಬುದನ್ನೂ ಮಕ್ಕಳಿಗೆ ತಿಳಿಸೋಣ. ಒಂದು ಕಡೆಯವರನ್ನು ರಾಕ್ಷಸರಂತೆ ತೋರಿಸುವ ಸಂದೇಶ ನಮ್ಮ ಮೊಬೈಲಿಗೆ ಬಂದರೆ ಅದನ್ನು ಮುಂದಕ್ಕೆ ಕಳುಹಿಸದಿರೋಣ. ಅಲ್ಲಿನ ಗೋಡೆ ಒಡೆಯುವ ಶಕ್ತಿ ನಮಗಿಲ್ಲ. ಅದಕ್ಕೆ ಇಲ್ಲಿಂದ ಕಲ್ಲು ಹೊತ್ತು ಕೊಡದಿರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.