ಸಮುದ್ರದಾಚೆಯ ವಿದ್ಯೆಗೆ ಬೇಕಾದ ಕಾಗದಗಳು

ವಿದೇಶದಲ್ಲಿ ಓದುವ ಮಾತು ಬಂದೊಡನೆ ನೀವು ವೀಸಾ ಬಗ್ಗೆ ಕೇಳುತ್ತೀರಿ. 1869ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ತಮ್ಮ ಮಗ ಸಯ್ಯದ್ ಮಹಮೂದರೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದಾಗ ಅಂಥ ಪ್ರಶ್ನೆಯೇ ಇರಲಿಲ್ಲ. ಮಗನಿಗೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತ್ತು. ಮಹಮೂದರು ಲಿಂಕನ್ಸ್ ಇನ್ ಮತ್ತು ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜನ್ನು ಸೇರಿದರು.

ಹಾಗೆಂದು ಬಾಗಿಲು ಪೂರ್ತಿ ತೆರೆದಿತ್ತೆಂದು ತಿಳಿಯಬೇಡಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಬಹುಕಾಲ ಇಂಗ್ಲೆಂಡಿನ ಚರ್ಚಿನ ಮತಶಪಥವಿತ್ತು. ಕೇಂಬ್ರಿಡ್ಜ್‌ನ ಸಾಮಾನ್ಯ ಪದವಿಗೆ ಅದು 1856ರಲ್ಲಿ ತಪ್ಪಿತು. ಫೆಲೋಶಿಪ್ ಮುಂತಾದವಕ್ಕೆ 1871ರ ಕಾಯ್ದೆಯವರೆಗೆ ಕಾಯಬೇಕಾಯಿತು. ಬ್ಯಾರಿಸ್ಟರ್ ಓದಿನಲ್ಲಿ ಇನ್ನೊಂದು ವಿಚಿತ್ರ: ನಿಗದಿತ ಸಂಖ್ಯೆಯ ಭೋಜನಗಳಿಗೆ ಹಾಜರಾಗಲೇಬೇಕಿತ್ತು! 1888ರಲ್ಲಿ ಹೋದ ಗಾಂಧೀಜಿ ಮದ್ಯ ಮುಟ್ಟುತ್ತಿರಲಿಲ್ಲವಾದ್ದರಿಂದ ಅವರ ಮೇಜಿನ ಸಹಪಾಠಿಗಳಿಗೆ ಅವರೆಂದರೆ ಬಹಳ ಪ್ರೀತಿ. ಅವರ ಪಾಲೂ ಇವರಿಗೇ ಸಿಗುತ್ತಿತ್ತಲ್ಲ!

ಸರ್ಕಾರದ ಕಣ್ಣು ಬಿದ್ದದ್ದು ಆಮೇಲೆ. ಭಾರತೀಯ ವಿದ್ಯಾರ್ಥಿಗಳ ರಾಜಕೀಯ ಒಲವಿನ ಬಗ್ಗೆ ಅಂಜಿ 1907ರಲ್ಲಿ ಲೀ-ವಾರ್ನರ್ ಸಮಿತಿ ನೇಮಕವಾಯಿತು. ಅದರ ವರದಿಯನ್ನು 1922ರವರೆಗೆ ಪ್ರಕಟಿಸಲಿಲ್ಲ. 1909ರಲ್ಲಿ ಲಂಡನ್ನಿನಲ್ಲಿ ವಿದ್ಯಾರ್ಥಿಗಳ ಮಾಹಿತಿ ಕಚೇರಿ ತೆರೆಯಿತು. ಅದರ ಶಿಕ್ಷಣ ಸಲಹೆಗಾರ ಯಾರು ಗೊತ್ತೇ? ಅಲೀಘಡದಲ್ಲಿ ಪಾಠ ಹೇಳಿದ್ದ, ಲಾಹೋರಿನಲ್ಲಿ ಅಲ್ಲಾಮಾ ಇಕ್ಬಾಲರ ಗುರುವಾಗಿದ್ದ ಥಾಮಸ್ ಆರ್ನಾಲ್ಡ್. ವಿದ್ವಾಂಸರೂ ಸ್ನೇಹಪರರೂ ಹೌದು. ಆದರೆ ಈ ಕಚೇರಿ ನೆರವಿಗೋ, ನಿಗಾ ಇಡುವುದಕ್ಕೋ ಎಂಬ ಅನುಮಾನ ವಿದ್ಯಾರ್ಥಿಗಳಲ್ಲಿತ್ತು. ಅದು ಆಧಾರವಿಲ್ಲದ ಅನುಮಾನವೆಂದು ನನಗನ್ನಿಸುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಪಾಸ್‌ಪೋರ್ಟ್ ಕಡ್ಡಾಯದ ಕಾಲ ಬಂತು; 1920ರಲ್ಲಿ ಭಾರತದಲ್ಲಿ ಅದಕ್ಕೆಂದೇ ಕಾಯ್ದೆಯಾಯಿತು. ಅಮೆರಿಕವಂತೂ 1917ರಲ್ಲಿ ಏಷ್ಯಾದ ಬಹುಭಾಗದವರ ವಲಸೆಯನ್ನು ತಡೆಯಿತು, ಆದರೆ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಟ್ಟಿತು. 1924ರ ಕಾಯ್ದೆ ಅದಕ್ಕೆ ಷರತ್ತು ಕಟ್ಟಿತು: ವಿದ್ಯಾರ್ಥಿಗೆ ಕನಿಷ್ಠ 15 ವರ್ಷ ತುಂಬಿರಬೇಕು, ಓದಿಗಾಗಿಯೇ ಬರಬೇಕು, ಸಂಸ್ಥೆಗೆ ಸರ್ಕಾರದ ಮಾನ್ಯತೆ ಇರಬೇಕು. ಅಷ್ಟೇ ಅಲ್ಲ, ವಿದ್ಯಾರ್ಥಿ ತರಗತಿಗೆ ಬರುವುದು ನಿಂತರೆ ಸಂಸ್ಥೆಯೇ ವರದಿ ಮಾಡಬೇಕು.

ಪ್ರವೇಶವೂ ಪರವಾನಗಿಯೂ ಒಂದೇ ದಾರದಲ್ಲಿ ಗಂಟುಬಿದ್ದದ್ದು ಹೀಗೆ. ಇಂದಿಗೂ ಅಮೆರಿಕದ ಮಾನ್ಯ ಸಂಸ್ಥೆ ಕೊಡುವ ಐ-20 ಪತ್ರವಿಲ್ಲದೆ ಎಫ್-1 ವೀಸಾ ಇಲ್ಲ; 2003ರಿಂದ ಆ ಹಳೆಯ ವರದಿಯ ಕೆಲಸ ಸೆವಿಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಆ ಸಂಸ್ಥೆಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅಧಿಕಾರವಿದೆಯೇ ಎಂದು ವಿಚಾರಿಸಿಕೊಳ್ಳಿ.