ಕೃಷ್ಣೆಯ ಹಾಯ್ಗಡ ಮತ್ತು 1565ರ ಯುದ್ಧ: ನೆಲ, ನೀರು, ಬೇಹು

ವಿಜಯಪುರ ಜಿಲ್ಲೆಯ ಗೊಳಸಂಗಿಯಿಂದ ದಕ್ಷಿಣಕ್ಕೆ ಇಳಿದರೆ ನಿಡಗುಂದಿ, ಆಲಮಟ್ಟಿ ದಾಟಿ ಕೃಷ್ಣೆ. ಪೂರ್ವಕ್ಕೆ ಹೊರಳಿದರೆ ಮುದ್ದೇಬಿಹಾಳ, ಅದರಾಚೆ ಡೋಣಿ ದಂಡೆಯ ತಾಳಿಕೋಟೆ. 1564ರ ಡಿಸೆಂಬರ್ ಕೊನೆಯಲ್ಲಿ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರದ ಸೇನೆಗಳು ಕೂಡಿದ್ದು ಈ ತಾಳಿಕೋಟೆಯಲ್ಲಿ. ಕಾಳಗ ನಡೆದದ್ದು ಅಲ್ಲಿಂದ ಬಹುದೂರ, ಕೃಷ್ಣೆಯ ಆಚೆ ದಂಡೆಯಲ್ಲಿ, 1565ರ ಜನವರಿ 23ರಂದು. ವಿಜಯನಗರದ ಸೋಲಿಗೆ ಕಾರಣ ಹುಡುಕುವವರು ಬಹುತೇಕ ಆ ಒಂದು ದಿನದ ಮೇಲೆ ಕಣ್ಣಿಡುತ್ತಾರೆ. ಆ ಸೋಲಿನ ಬುಡ ಅದಕ್ಕೂ ಮೊದಲು ಹೊಳೆಯ ದಂಡೆಯಲ್ಲಿತ್ತು ಎಂಬುದು ಈ ಲೇಖನದ ವಾದ.

ಕಾಲದ ಆಯ್ಕೆಯನ್ನೇ ನೋಡಿ. ಸಹ್ಯಾದ್ರಿಯ ಮಳೆಗೆ ತುಂಬಿ ಹರಿಯುವ ಕೃಷ್ಣೆ ಡಿಸೆಂಬರ್ ಹೊತ್ತಿಗೆ ಇಳಿದು ಅಲ್ಲಲ್ಲಿ ಹಾಯಲು ಬರುತ್ತದೆ. ಮಳೆಗಾಲದಲ್ಲಿ ತೋಪಿನ ಗಾಲಿಗಳನ್ನು ನುಂಗುವ ಎರೆ ಭೂಮಿಯೂ ಆಗ ಒಣಗಿ ಗಟ್ಟಿಯಾಗಿರುತ್ತದೆ. ಭಾರವಾದ ತೋಪುಗಳನ್ನು ನೆಚ್ಚಿಕೊಂಡ ದಂಡಿಗೆ ಇದಕ್ಕಿಂತ ಒಳ್ಳೆಯ ಕಾಲವಿರಲಿಲ್ಲ. ಉತ್ತರದ ದಂಡೆ ವಿಜಾಪುರದ ಆದಿಲಶಾಹಿಯ ಸ್ವಂತ ನೆಲ. ಮಿತ್ರ ಸೇನೆಗಳಿಗೆ ದವಸ ಧಾನ್ಯ ಒದಗಿಸುವ ಹೊಣೆಯನ್ನೂ ಅಲ್ಲಿನ ಸುಲ್ತಾನ ಅಲಿ ಆದಿಲಶಾಹನೇ ಹೊತ್ತಿದ್ದ.

ವೈರಿಯನ್ನು ಹೊಳೆಯಲ್ಲೇ ತಡೆಯುವ, ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ಮೊದಲ ಯೋಜನೆ ಸರಿಯಾಗಿಯೇ ಇತ್ತು. 1520ರಲ್ಲಿ ಇಸ್ಮಾಯಿಲ್ ಆದಿಲಶಾಹ ಇದೇ ಹೊಳೆ ದಾಟಿ ರಾಯಚೂರಿನತ್ತ ಬಂದಾಗ ಕೃಷ್ಣದೇವರಾಯ ಅವನನ್ನು ಮತ್ತೆ ನೀರಿಗೆ ಅಟ್ಟಿದ್ದ. ಓಡುವಾಗ ಮುಳುಗಿ ಸತ್ತವರು ಬಹಳ. ಹೊಳೆಯನ್ನು ಬೆನ್ನಿಗಿಟ್ಟುಕೊಂಡು ಸೋತವರ ಗತಿ ಏನೆಂದು ವಿಜಯನಗರ ಕಣ್ಣಾರೆ ಕಂಡಿತ್ತು. ಅದಕ್ಕೇ ರಾಮರಾಯ ತಮ್ಮ ತಿರುಮಲನನ್ನು ಹಾಯ್ಗಡ (ಹೊಳೆಯನ್ನು ಹಾಯ್ದು ದಾಟುವ ತಾವು) ಕಾಯಲು ಮುಂದಾಗಿ ಕಳಿಸಿದ, ಹಿಂದೆಯೇ ಇನ್ನೊಬ್ಬ ತಮ್ಮ ವೆಂಕಟಾದ್ರಿಯನ್ನು. ದಕ್ಷಿಣ ದಂಡೆಯಲ್ಲಿ ಮಣ್ಣಿನ ಒಡ್ಡು ಹಾಕಿ ತೋಪು ಹೂಡಲಾಯಿತು.

ಮುಂದಿನದನ್ನು ಇತಿಹಾಸಕಾರ ಫೆರಿಸ್ತಾ ಹೇಳುತ್ತಾನೆ. ಅವನು ವಿಜಾಪುರಕ್ಕೆ ಬಂದದ್ದು 1589ರಲ್ಲಿ, ಗೆದ್ದವರ ಆಸ್ಥಾನಕ್ಕೆ. ಅವನು ಕೊಡುವ ಸೇನೆಯ ಲೆಕ್ಕಗಳನ್ನು ನಾನು ನಂಬುವುದಿಲ್ಲ. ಹೊಳೆ ದಾಟಿದ ಬಗೆಯನ್ನು ಮಾತ್ರ ನಂಬುತ್ತೇನೆ, ಏಕೆಂದರೆ ಅದು ನೆಲಕ್ಕೆ ಹೊಂದುತ್ತದೆ. ಸುಲ್ತಾನರ ಬೇಹಿನವರು ದಂಡೆಗುಂಟ ಹುಡುಕಿ, ಇಡೀ ದಂಡು ದಾಟಬಲ್ಲ ಹಾಯ್ಗಡ ವೈರಿಯ ಕೈಯಲ್ಲೇ ಇದೆ ಎಂದು ತಿಳಿಸಿದರು. ಆಗ ದಂಡು ಬೇರೆಡೆ ದಾಟುವಂತೆ ತೋರಿಸಿಕೊಂಡು ದಂಡೆಗುಂಟ ನಡೆಯಿತು. ಎದುರು ದಂಡೆಯಲ್ಲಿ ವಿಜಯನಗರದವರೂ ಜೊತೆಜೊತೆಗೆ ಸರಿದರು, ಕಾವಲು ಬರಿದಾಯಿತು. ಮೂರನೆಯ ರಾತ್ರಿ ಸುಲ್ತಾನರ ಸೇನೆ ದಿಢೀರನೆ ಹಿಂದಿರುಗಿ, ತಡೆಯುವವರಿಲ್ಲದ ಹೊಳೆಯನ್ನು ದಾಟಿತು.

ಇಲ್ಲಿ ಎರಡೂ ಕಡೆಯವರ ಬೇಹಿನ ವ್ಯತ್ಯಾಸ ಎದ್ದು ಕಾಣುತ್ತದೆ. ಒಬ್ಬರು ನೀರಿನ ಆಳ ಅಳೆದರು. ಇನ್ನೊಬ್ಬರು ಎದುರು ದಂಡೆಯಲ್ಲಿ ಕಂಡ ನಡೆಯನ್ನೇ ನಂಬಿದರು. ಹೊಳೆಯಾಚೆ ನಾಲ್ಕಾರು ನಂಬಿಗಸ್ತ ಬೇಹುಗಾರರಿದ್ದಿದ್ದರೆ ಆ ರಾತ್ರಿಯ ಹಿಮ್ಮುಖ ನಡಿಗೆಯ ಸುದ್ದಿ ಮುಟ್ಟಬೇಕಿತ್ತು.

ಹಾಯ್ಗಡ ಕೈಬಿಟ್ಟ ಮೇಲೆ ಬಯಲೊಂದೇ ಉಳಿಯಿತು. ಅಲ್ಲಿ ಅಹಮದನಗರದ ಚಲಬಿ ರೂಮಿಖಾನ ಆರುನೂರು ತೋಪುಗಳನ್ನು ಮೂರು ಸಾಲಾಗಿ ಹೂಡಿ, ಮುಂದೆ ಬಿಲ್ಲುಗಾರರನ್ನು ಮರೆಯಾಗಿ ನಿಲ್ಲಿಸಿದ್ದನಂತೆ. ತೆರೆದ ನೆಲದಲ್ಲಿ ನುಗ್ಗಿದ ದಂಡು ನೇರವಾಗಿ ಆ ಬಾಯಿಗೆ ಬಿತ್ತು. ರಾಮರಾಯ ಸೆರೆಯಾದ, ಅಲ್ಲೇ ಅವನ ತಲೆ ಹೋಯಿತು. 1567ರಲ್ಲಿ ಹಂಪಿಗೆ ಬಂದ ವೆನಿಸ್ಸಿನ ಸೀಸರ್ ಫ್ರೆಡರಿಕ್ ಇಬ್ಬರು ಸರದಾರರ ದ್ರೋಹದ ಮಾತು ಬರೆದಿದ್ದಾನೆ. ದ್ರೋಹ ನಡೆದಿದ್ದರೂ ಅದು ಫಲಿಸಿದ್ದು ಸುಲ್ತಾನರಿಗೆ ಅನುಕೂಲವಾದ ನೆಲದ ಮೇಲೆ.

1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇತಿಹಾಸಕಾರ ರಾಬರ್ಟ್ ಸೀವೆಲ್ ಇಂಗಳಗಿಯ ಬಳಿಯ ಹೊಳೆಯ ತಿರುವನ್ನು ಆ ಹಾಯ್ಗಡವೆಂದು ಗುರುತಿಸಿ, ರಣಭೂಮಿಯನ್ನು ಮುದಗಲ್ಲಿನ ದಾರಿಯಲ್ಲಿ ಇಟ್ಟ. ಇಂದು ಕೃಷ್ಣೆಯ ದಂಡೆಯ ತಂಗಡಗಿ ಸುತ್ತಲಿನ ಹಳೆಯ ಪಾತ್ರದ ಮೇಲೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನಿಂತಿದೆ. ಆದ್ದರಿಂದ ಅಣೆಕಟ್ಟಿಗೆ ಮುಂಚಿನ ಸರ್ವೆ ನಕ್ಷೆಗಳನ್ನೂ, ಹೊಳೆ ಹಾಯ್ದು ಬಾಳಿದ ಹಿರಿಯರ ನೆನಪನ್ನೂ ಫೆರಿಸ್ತಾನ ಮಾತಿನ ಪಕ್ಕದಲ್ಲಿಟ್ಟು ಒರೆಗೆ ಹಚ್ಚುವ ಕೆಲಸ ಈಗಲೇ ಆಗಬೇಕು.